ಕದ್ರಿ ಗುಡ್ಡೆಯ ಪಾಲುದಾರರು

ಬೆಳಗಿನ ಹೊತ್ತು ಕದ್ರಿ ಮಂಜುನಾಥ ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತುವವರ ಕಿವಿಗೆ ಮೊದಲು ಬೀಳುವುದು ನೀರಿನ ಸದ್ದು. ಗೋಮುಖದಿಂದ ಧಾರೆಯಾಗಿ ಸುರಿಯುವ ನೀರಿಗೆ ತಲೆಯೊಡ್ಡಿ ನಿಂತವರು, ಸರದಿಗೆ ಕಾಯುತ್ತಿರುವವರು, ಡಿಸೆಂಬರ್ ಬಂತೆಂದರೆ ಕಪ್ಪು ಬಟ್ಟೆ ಉಟ್ಟ ಅಯ್ಯಪ್ಪ ಮಾಲಾಧಾರಿಗಳು, ಮಕ್ಕಳ ಕೈ ಹಿಡಿದು ಜಾರುಗಲ್ಲುಗಳ ಮೇಲೆ ಮೆಲ್ಲನೆ ಹೆಜ್ಜೆ ಇಡುವ ತಾಯಂದಿರು. ಇಲ್ಲಿ ಬೀಳುವ ನೀರು ಪಕ್ಕದ ಚಿಕ್ಕದೊಡ್ಡ ಒಂಬತ್ತು ಕೆರೆಗಳಿಗೆ ಹರಿಯುತ್ತದೆ. ಕೆಳಗೆ ದೇವಸ್ಥಾನದ ಗಂಟೆ. ಮೇಲೆ ಮರಗಳ ನಡುವೆ ಜೋಗಿಗಳ ಮಠ, ಅದರಾಚೆ ಪಾಂಡವರ ಹೆಸರು ಹೊತ್ತ ಗುಹೆಗಳು. ಇನ್ನೂ ಆಚೆಗೆ ಸರ್ಕಿಟ್ ಹೌಸ್, ಆಕಾಶವಾಣಿ, ಕದ್ರಿ ಪಾರ್ಕ್. ಇದೆಲ್ಲ ಒಂದೇ ಗುಡ್ಡೆ.

ಸುರತ್ಕಲ್ ಕಡೆಯಿಂದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಹೋಗುವವರಿಗೆ ಈ ಗುಡ್ಡೆ ಹೊಸತಲ್ಲ. ಪಣಂಬೂರು ಕಳೆದು, ಕೂಳೂರಿನಲ್ಲಿ ಫಲ್ಗುಣಿ ನದಿ ದಾಟಿ, ಕೊಟ್ಟಾರ ಚೌಕಿ ಬಿಟ್ಟು ಕೆ.ಪಿ.ಟಿ. ಹತ್ತಿರ ಬಂದಾಗ ರಸ್ತೆ ಏರುವುದು ಇದೇ ಗುಡ್ಡೆಯ ಬದಿಯನ್ನು. ಮಂಜುನಾಥನ ಹೆಸರು ಎಲ್ಲರಿಗೂ ಗೊತ್ತು. ಅಲ್ಲೊಂದು ಹಳೆಯ ಕಂಚಿನ ಮೂರ್ತಿ ಇದೆ, ಅದಕ್ಕೂ ಬೌದ್ಧರಿಗೂ ಏನೋ ನಂಟು ಎಂದು ಶಾಲೆಯಲ್ಲಿ ಓದಿದ ನೆನಪೂ ಹಲವರಿಗೆ ಇದ್ದೀತು. ಜೋಗಿಗಳಿಗೆ ಅಲ್ಲೊಬ್ಬ ‘ಅರಸ’ ಇದ್ದಾರೆ ಎಂಬುದು ಸ್ವಲ್ಪ ಕಡಿಮೆ ಜನರಿಗೆ ಗೊತ್ತು. ಈ ಮೂರು ತಿಳಿವಳಿಕೆಗಳು ಬೇರೆಬೇರೆಯಾಗಿಯೇ ಉಳಿದಿರುವುದರಿಂದ ಕದ್ರಿಯ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಎದ್ದು ನಿಲ್ಲುತ್ತದೆ: ಇದು ಮೊದಲು ಯಾರದು? ಈ ಪ್ರಶ್ನೆಯ ಬೆನ್ನು ಹತ್ತಿದವರಿಗೆ ಕದ್ರಿಯ ಚರಿತ್ರೆ ಕೈಗೆ ಸಿಗುವುದಿಲ್ಲ ಎಂಬುದು ಈ ಲೇಖನದ ವಾದ. ಹೊಸದಾಗಿ ಬಂದ ಪ್ರತಿಯೊಬ್ಬರೂ ಇಲ್ಲಿ ಪಡೆದದ್ದು ಒಂದು ಪಾಲು. ಯಾರ ಪಾಲು ಯಾವಾಗ ಬೆಳೆಯಿತು, ಯಾವಾಗ ಕುಗ್ಗಿತು, ಏಕೆ ಎಂದು ಕೇಳಿದರೆ ಮಾತ್ರ ಕಲ್ಲು, ಕಂಚು, ನೀರು, ಜಾತ್ರೆ ಒಂದಕ್ಕೊಂದು ಹೊಂದಿಕೊಂಡು ಮಾತಾಡತೊಡಗುತ್ತವೆ.

ರೋಮಿನಿಂದ ಬಂದವನು ಕಂಡ ಕದ್ರಿ

1623ರ ಡಿಸೆಂಬರಿನಲ್ಲಿ ಈ ಗುಡ್ಡೆಗೆ ಒಬ್ಬ ಇಟಲಿಯವನು ಬಂದ. ಹೆಸರು ಪಿಯೆತ್ರೊ ದೆಲ್ಲಾ ವಾಲೆ. ರೋಮಿನ ಶ್ರೀಮಂತ ಮನೆತನದವನು, 1586ರಲ್ಲಿ ಹುಟ್ಟಿದವನು. 1614ರಲ್ಲಿ ಊರು ಬಿಟ್ಟು ತುರ್ಕಿ, ಈಜಿಪ್ಟ್, ಬಾಗ್ದಾದ್, ಪರ್ಷಿಯಾ ಸುತ್ತಿ ಸೂರತ್ ಮಾರ್ಗವಾಗಿ ಗೋವೆಗೆ ಬಂದಿದ್ದ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಾನಿ ದಾರಿಯಲ್ಲೇ ತೀರಿಕೊಂಡಿದ್ದಳು. ಆಕೆಯ ದೇಹವನ್ನು ಕೆಡದಂತೆ ಕಾಪಿಟ್ಟು, ವರ್ಷಗಳ ನಂತರ ರೋಮಿಗೇ ಒಯ್ದು ಮಣ್ಣು ಮಾಡಿದ ಮನುಷ್ಯ ಇವನು. ಆಗ ಕರಾವಳಿಯ ರಾಜಕೀಯ ಕರಿಮೆಣಸಿನ ಸುತ್ತ ತಿರುಗುತ್ತಿತ್ತು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಗೋವೆಯ ಪೋರ್ಚುಗೀಸರು ರಾಯಭಾರಿಯನ್ನು ಕಳಿಸಿದಾಗ ದೆಲ್ಲಾ ವಾಲೆ ಆ ತಂಡದೊಂದಿಗೆ ಹೊರಟ. ಹೊನ್ನಾವರ, ಗೇರುಸೊಪ್ಪೆ, ಇಕ್ಕೇರಿ ನೋಡಿಕೊಂಡು ಘಟ್ಟ ಇಳಿದು ಬಸರೂರಿಗೆ, ಅಲ್ಲಿಂದ ಮಂಗಳೂರಿಗೆ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊಗೆ ಪತ್ರಗಳಲ್ಲಿ ಬರೆದ. ಉಳ್ಳಾಲದ ರಾಣಿಯನ್ನು ನಾವು ಇವತ್ತು ಕಣ್ಣ ಮುಂದೆ ತಂದುಕೊಳ್ಳುವುದು ಬಹುಮಟ್ಟಿಗೆ ಈ ಪತ್ರಗಳ ಬಲದಿಂದ. ಮಣೇಲಿನಲ್ಲಿ, ಅಂದರೆ ಇವತ್ತಿನ ಮಳಲಿಯ ಬಳಿ, ಆಕೆ ಬರಿಗಾಲಿನಲ್ಲಿ ನಿಂತು ನೀರಿನ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದುದನ್ನು ಅವನು ಕಂಡಿದ್ದ.

ಕದ್ರಿಗೆ ಅವನು ಹೋದದ್ದು ‘ಜೋಗಿಗಳ ಅರಸ’ನನ್ನು ನೋಡಲು. ಅರಸ ಎಂದಮೇಲೆ ಆಸ್ಥಾನ, ಪರಿವಾರ ಇರಬಹುದೆಂಬ ನಿರೀಕ್ಷೆ ಸಹಜ. ಅವನಿಗೆ ಎದುರಾದದ್ದು ಹೊಲದ ಕೆಲಸದಲ್ಲಿ ತೊಡಗಿದ್ದ, ಬಿಳಿ ಗಡ್ಡದ, ಗಟ್ಟಿಮುಟ್ಟಾದ ಮುದುಕ. ಕಿವಿಯಲ್ಲಿ ಚಿನ್ನದಂತೆ ಕಾಣುವ ಗುಂಡುಗಳು, ತಲೆಯ ಮೇಲೆ ಕೆಂಪು ಟೊಪ್ಪಿ. ಅದು ತನ್ನ ದೇಶದಲ್ಲಿ ಹಡಗಿನ ಹುಟ್ಟು ಹಾಕುವ ಕೈದಿಗಳ ಟೊಪ್ಪಿಯಂತಿದೆ ಎಂದು ಬರೆದ. ಸೊಂಟದ ಮೇಲೆ ಬರಿಮೈ. ಸ್ಥಳೀಯ ಬಂಗ ಅರಸರ ಕಾಲದಲ್ಲಿ ಈ ಪೀಠಕ್ಕೆ ಹೆಚ್ಚಿನ ಭೂಮಿಯ ಆದಾಯವೂ ಗೌರವವೂ ಇದ್ದವು, ವೆಂಕಟಪ್ಪ ನಾಯಕನ ಕೈಗೆ ಸೀಮೆ ಬಂದ ಮೇಲೆ ಅವು ಕುಗ್ಗಿದವು ಎಂಬ ಸಂಗತಿ ಅವನ ಬರಹದಿಂದ ತಿಳಿಯುತ್ತದೆ.

ಈ ಕೊನೆಯ ಸಂಗತಿ ಬಹಳ ಮುಖ್ಯ. ಜೋಗಿಗಳು ಶೈವರು. ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ನಾಯಕರೂ ಶಿವಭಕ್ತರೇ, ವೀರಶೈವರು. ಒಂದು ಧರ್ಮದವರು ಇನ್ನೊಂದು ಧರ್ಮದವರನ್ನು ಓಡಿಸಿದರು ಎಂಬ ಸಿದ್ಧಸೂತ್ರ ಇಲ್ಲಿ ಕೆಲಸ ಮಾಡುವುದಿಲ್ಲ. ಶಿವನ ಆರಾಧಕನಾದ ದೊರೆಯ ಕಾಲದಲ್ಲೇ ಶಿವಯೋಗಿಗಳ ಪೀಠದ ಆದಾಯ ಇಳಿಯಿತು. ಏಕೆಂದರೆ ಬಂಗರು ಸ್ಥಳದ ಅರಸರು. ನೆರೆಯ ಗುಡ್ಡೆಯ ಪೀಠದೊಂದಿಗೆ ಅವರದು ಅಕ್ಕಪಕ್ಕದ ಸಂಬಂಧ, ಪರಸ್ಪರ ಮಾನಮರ್ಯಾದೆಯ ಸಂಬಂಧ. ಘಟ್ಟದ ಮೇಲಿನ ಇಕ್ಕೇರಿಗೆ ಕರಾವಳಿಯೆಂದರೆ ಮೊದಲಿಗೆ ಕಂದಾಯ ಮತ್ತು ಮೆಣಸು. ಮುಂದೆ ಶಿವಪ್ಪ ನಾಯಕನ ‘ಶಿಸ್ತು’ ಎಂದು ಹೆಸರಾದ ಭೂಕಂದಾಯದ ಕ್ರಮ ಹುಟ್ಟಿದ್ದೂ ಇದೇ ರಾಜ್ಯದಲ್ಲಿ. ಭೂಮಿಯ ಲೆಕ್ಕ ಯಾರ ಕೈಯಲ್ಲಿದೆ ಎಂಬುದು ಬದಲಾದಾಗ ಗುಡ್ಡೆಯ ಮೇಲಿನವರ ಪಾಲೂ ಬದಲಾಯಿತು. ಪೀಠ ಮಾತ್ರ ಉಳಿಯಿತು. ಅರಸ ಹೊಲಕ್ಕಿಳಿದರೂ ಅರಸನಾಗಿಯೇ ಉಳಿದ.

ಕಂಚಿನ ಮೂರ್ತಿ ಹೇಳುವುದೇನು

ದೆಲ್ಲಾ ವಾಲೆ ಬರುವುದಕ್ಕೆ ಆರೂವರೆ ಶತಮಾನ ಮೊದಲು, 968ರಲ್ಲಿ, ತುಳುನಾಡನ್ನು ಆಳುತ್ತಿದ್ದ ಆಳುಪ ವಂಶದ ಕುಂದವರ್ಮ ಈ ಗುಡ್ಡೆಯಲ್ಲಿ ಒಂದು ಲೋಕೇಶ್ವರ ಮೂರ್ತಿಯನ್ನು ಪ್ರತಿಷ್ಠಾಪಿಸಿದ. ಮೂರು ಮುಖ, ಆರು ಕೈ, ಕುಳಿತ ಭಂಗಿ. ದಕ್ಷಿಣ ಭಾರತದ ಕಂಚಿನ ಶಿಲ್ಪಗಳಲ್ಲಿ ಇದಕ್ಕೆ ಬಹು ಎತ್ತರದ ಸ್ಥಾನವಿದೆ. ನೋಡಿದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಪೀಠದ ಮೇಲಿನ ಸಂಸ್ಕೃತ ಶಾಸನ ರಾಜನ ಹೆಸರನ್ನೂ, ಪ್ರತಿಷ್ಠೆ ನಡೆದದ್ದು ‘ಕದರಿಕಾ ವಿಹಾರ’ದಲ್ಲಿ ಎಂಬುದನ್ನೂ ಹೇಳುತ್ತದೆ. ವಿಹಾರವೆಂದರೆ ಬೌದ್ಧರ ನೆಲೆ. ಲೋಕೇಶ್ವರ ಎಂದರೆ ಮಹಾಯಾನ ಬೌದ್ಧರ ಅವಲೋಕಿತೇಶ್ವರ. ಇಷ್ಟನ್ನು ಓದಿದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ‘ಹಾಗಾದರೆ ಕದ್ರಿ ಬೌದ್ಧರದ್ದು’ ಎಂದುಬಿಡುತ್ತಾರೆ. ಆದರೆ ಅದೇ ಶಾಸನ ಕುಂದವರ್ಮನನ್ನು ಚಂದ್ರಶೇಖರನಾದ ಶಿವನ ಪಾದಗಳ ಭಕ್ತ ಎಂದೂ ಹೊಗಳುತ್ತದೆ. ಶಿವಭಕ್ತ ರಾಜ, ಬೌದ್ಧ ವಿಹಾರ, ಲೋಕೇಶ್ವರನ ಮೂರ್ತಿ ಮೂರೂ ಒಂದೇ ಬರಹದಲ್ಲಿ ಇವೆ. ಬರೆಸಿದವರಿಗೆ ಇದರಲ್ಲಿ ಯಾವ ವಿರೋಧವೂ ಕಾಣಲಿಲ್ಲ.

ಇದನ್ನು ಕೇವಲ ರಾಜನ ಔದಾರ್ಯವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಇದೇ ಜೋಡಣೆ ಬಹುದೂರದ ಇನ್ನೊಂದು ಕಡೆಯಲ್ಲೂ ಸಿಗುತ್ತದೆ. ಕದ್ರಿಯ ಜೋಗಿಗಳು ನಾಥಪಂಥದವರು, ಆ ಪಂಥದ ಆದಿಗುರು ಮತ್ಸ್ಯೇಂದ್ರನಾಥ. ನೇಪಾಳದ ಕಾಠ್ಮಂಡು ಕಣಿವೆಯಲ್ಲಿ ಅವಲೋಕಿತೇಶ್ವರ ಲೋಕೇಶ್ವರನನ್ನೇ ಮಚ್ಛೀಂದ್ರನಾಥ ಎಂಬ ಹೆಸರಿನಿಂದ ಪೂಜಿಸುತ್ತಾರೆ. ಪಾಟನ್ ಪಟ್ಟಣದ ಕೆಂಪು ಮಚ್ಛೀಂದ್ರನಾಥನ ರಥ ಎಳೆಯುವವರಲ್ಲಿ ಬೌದ್ಧರೂ ಇದ್ದಾರೆ, ಹಿಂದೂಗಳೂ ಇದ್ದಾರೆ. ಕದ್ರಿಯ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚೂ ಇದೆ, ಮತ್ಸ್ಯೇಂದ್ರನಾಥನ ಕಲ್ಲಿನ ಮೂರ್ತಿಯೂ ಇದೆ. ಹಿಮಾಲಯದ ಬುಡದಲ್ಲಿ ಒಂದೇ ದೇವರ ಎರಡು ಹೆಸರಾಗಿರುವವರು ಅರಬ್ಬೀ ಸಮುದ್ರದ ಅಂಚಿನ ಈ ಗುಡ್ಡೆಯಲ್ಲಿ ಒಂದೇ ಅಂಗಳವನ್ನು ಹಂಚಿಕೊಂಡಿದ್ದಾರೆ. ತಾಂತ್ರಿಕ ಬೌದ್ಧ ಸಾಧನೆ ಮತ್ತು ನಾಥರ ಯೋಗ ಎರಡೂ ಒಂದಕ್ಕೊಂದು ಹತ್ತಿರವಾಗಿ ಬೆಳೆದವು ಎಂಬುದು ಉಪಖಂಡದ ಧರ್ಮಚರಿತ್ರೆಯಲ್ಲಿ ಚೆನ್ನಾಗಿ ತಿಳಿದ ವಿಷಯ. ಕದ್ರಿಯಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಇಲ್ಲಿ ಒಂದು ಹಾಳೆಯನ್ನು ಹರಿದು ಇನ್ನೊಂದನ್ನು ಅಂಟಿಸಿದ ಗುರುತಿಲ್ಲ. ಅದೇ ಹಾಳೆಯ ಮೇಲೆ ಮುಂದಿನವರು ಬರೆಯುತ್ತ ಹೋಗಿದ್ದಾರೆ.

ಹನ್ನೆರಡು ವರ್ಷಕ್ಕೊಮ್ಮೆ ನಡೆದು ಬರುವ ಅರಸ

ದೆಲ್ಲಾ ವಾಲೆ ಕಂಡ ಪೀಠ ಇವತ್ತಿಗೂ ಖಾಲಿಯಾಗಿಲ್ಲ. ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವಾಗ ನಾಥಪಂಥದ ಸಾಧುಗಳು ಅಲ್ಲಿ ಸೇರಿ ಕದ್ರಿ ಮಠದ ಮುಂದಿನ ಅರಸನನ್ನು ಆರಿಸುತ್ತಾರೆ. ನಾಗರಪಂಚಮಿಯ ಹೊತ್ತಿಗೆ ಅಲ್ಲಿಂದ ಹೊರಡುವ ಜೋಗಿಗಳ ಮೆರವಣಿಗೆ ಪಾತ್ರದೇವತೆಯೆಂದು ಪೂಜಿಸುವ ಪಾತ್ರೆಯನ್ನು ಹೊತ್ತು, ಊರೂರು ತಂಗುತ್ತ, ಕಾಲ್ನಡಿಗೆಯಲ್ಲೇ ಮಹಾರಾಷ್ಟ್ರ ದಾಟಿ ಕರ್ನಾಟಕಕ್ಕೆ ಬಂದು ಶಿವರಾತ್ರಿಯ ವೇಳೆಗೆ ಕದ್ರಿ ಮುಟ್ಟುತ್ತದೆ. ಅಲ್ಲಿ ಹಳೆಯ ಅರಸರು ಇಳಿಯುತ್ತಾರೆ, ಹೊಸಬರಿಗೆ ಪಟ್ಟಾಭಿಷೇಕವಾಗುತ್ತದೆ. ಕಳೆದ ಬಾರಿ ಅದು ನಡೆದದ್ದು 2016ರಲ್ಲಿ.

ಈ ಪದ್ಧತಿಯ ಒಳಗುಟ್ಟು ನೋಡಬೇಕಾದದ್ದು. ಪೀಠ ತಂದೆಯಿಂದ ಮಗನಿಗೆ ಹೋಗುವುದಿಲ್ಲ, ಗುರುವಿನಿಂದ ಶಿಷ್ಯನಿಗೂ ತಾನಾಗಿ ಹೋಗುವುದಿಲ್ಲ. ಹೊರಗಿನಿಂದ ಬಂದವರು ಹನ್ನೆರಡು ವರ್ಷ ಕುಳಿತು ಎದ್ದು ಹೋಗುತ್ತಾರೆ. ಹೀಗಿರುವಾಗ ಯಾವ ಅರಸನೂ ಗುಡ್ಡೆಯನ್ನು ತನ್ನ ಆಸ್ತಿಯಾಗಿ ಬೇರೂರಿಸಿಕೊಳ್ಳಲಾರ. ಅತ್ತ ದೇವಸ್ಥಾನದ ಪೂಜೆ ಬ್ರಾಹ್ಮಣ ಅರ್ಚಕರದು, ಆಡಳಿತ ಸರಕಾರದ ಮುಜರಾಯಿ ವ್ಯವಸ್ಥೆಗೆ ಒಳಪಟ್ಟದ್ದು. ಆದರೂ ಮಕರ ಸಂಕ್ರಮಣದ ಸುಮಾರಿಗೆ ನಡೆಯುವ ಕದ್ರಿ ಜಾತ್ರೆಯಲ್ಲಿ ಜೋಗಿ ಮಠದ ಅರಸರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತದೆ. ಭೂಮಿ ಕೈತಪ್ಪಿದರೂ, ಪೂಜೆ ಬೇರೆಯವರದಾದರೂ, ಮರ್ಯಾದೆಯ ಪಾಲು ಉಳಿದುಕೊಂಡಿದೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಹಕ್ಕುಗಳು ಜೀವ ಹಿಡಿದಿರುವುದು ಹೆಚ್ಚಾಗಿ ಇಂಥ ಕಡೆಯೇ.

ಕದ್ರಿ ಇದರಲ್ಲಿ ಒಂಟಿಯೂ ಅಲ್ಲ. ಧರ್ಮಸ್ಥಳದ ಮಂಜುನಾಥನ ಲಿಂಗವನ್ನು ಅಣ್ಣಪ್ಪ ತಂದದ್ದು ಕದ್ರಿಯಿಂದಲೇ ಎಂಬ ಐತಿಹ್ಯ ಎಲ್ಲರೂ ಕೇಳಿದ್ದು. ಅಲ್ಲಿ ದೇವರು ಶಿವ, ಅರ್ಚಕರು ಮಾಧ್ವ ವೈಷ್ಣವರು, ಧರ್ಮಾಧಿಕಾರಿಗಳು ಜೈನರು, ಕಾವಲು ತುಳುನಾಡಿನ ದೈವಗಳದು. ಸುರತ್ಕಲ್‌ನಿಂದ ಉತ್ತರಕ್ಕೆ ಮೂಲ್ಕಿಯ ಬಪ್ಪನಾಡಿಗೆ ಹೋದರೆ, ದುರ್ಗಾಪರಮೇಶ್ವರಿ ದೇವಸ್ಥಾನದ ಹುಟ್ಟಿನ ಕಥೆಯಲ್ಲೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಇದ್ದಾನೆ. ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಕೊಡುವ ಕ್ರಮ ಇಂದಿಗೂ ನಡೆದುಬಂದಿದೆ. ಈ ಮೂರು ಕಡೆಗಳಲ್ಲೂ ವ್ಯವಸ್ಥೆ ನಿಂತಿರುವುದು ಬರಿಯ ಸದ್ಭಾವನೆಯ ಮೇಲಲ್ಲ. ಯಾರಿಗೆ ಏನು ಸಲ್ಲಬೇಕು ಎಂಬ ಗಟ್ಟಿಯಾದ ಕಟ್ಟಳೆಯ ಮೇಲೆ.

ಎದ್ದೇಳುವ ಆಕ್ಷೇಪಗಳು

ಇದಕ್ಕೆ ಮೊದಲ ಆಕ್ಷೇಪ ಗಂಭೀರವಾದದ್ದು. ಪಾಲು, ಹಂಚಿಕೆ ಎಂಬ ಮಾತುಗಳಿಂದ ನಷ್ಟವನ್ನು ಮುಚ್ಚುತ್ತಿಲ್ಲವೇ? ವಿಹಾರ ಇತ್ತು ಎಂದಮೇಲೆ ಭಿಕ್ಷುಗಳಿದ್ದರು. ಇವತ್ತು ಅವರಿಲ್ಲ. ಲೋಕೇಶ್ವರನಿಗೆ ಬೌದ್ಧ ವಿಧಿಯ ಪೂಜೆ ನಡೆಯುತ್ತಿಲ್ಲ. ಇದು ನಿಜ, ಇದನ್ನು ತೇಲಿಸಿ ಮಾತಾಡುವುದು ಅಪ್ರಾಮಾಣಿಕ. ಒಂದು ಸಮುದಾಯದ ಪಾಲು ಸೊನ್ನೆಗಿಳಿಯುವುದೂ ಚರಿತ್ರೆಯೇ. ಆದರೆ ನಷ್ಟವಾಯಿತು ಎನ್ನುವುದೂ, ಒಂದು ದಿನ ಒಬ್ಬರು ಬಂದು ಇನ್ನೊಬ್ಬರನ್ನು ಹೊರಹಾಕಿದರು ಎನ್ನುವುದೂ ಬೇರೆಬೇರೆ ಮಾತು. ಎರಡನೆಯದಕ್ಕೆ ಕದ್ರಿಯ ಶಾಸನ ಸಾಕ್ಷಿ ನುಡಿಯುವುದಿಲ್ಲ. ವಿಹಾರಕ್ಕೆ ಮೂರ್ತಿ ಕೊಟ್ಟವನೇ ಶಿವಭಕ್ತ ಎಂಬುದು ಅದರ ಸಾಕ್ಷ್ಯ. ಮೂರ್ತಿ ಸಾವಿರ ವರ್ಷ ದಾಟಿ ಅದೇ ಅಂಗಳದಲ್ಲಿ ಪೂಜೆ ಪಡೆಯುತ್ತಿರುವುದು ಇನ್ನೊಂದು ಸಾಕ್ಷ್ಯ. ಭಾರತದಲ್ಲಿ ಎಷ್ಟೋ ಲೋಕೇಶ್ವರರು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇದ್ದಾರೆ. ಕದ್ರಿಯ ಲೋಕೇಶ್ವರನ ಮುಂದೆ ದೀಪ ಉರಿಯುತ್ತದೆ.

ಇದರ ಎದುರು ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ: ಇದು ಆದಿಯಿಂದಲೂ ಶಿವಕ್ಷೇತ್ರ, ಪರಶುರಾಮನ ಕಾಲದ್ದು, ಬೌದ್ಧರ ಮಾತೇಕೆ ಎಂಬುದು. ಐತಿಹ್ಯಕ್ಕೆ ಅದರದೇ ಬೆಲೆ ಇದೆ. ಭಕ್ತರ ಮನಸ್ಸಿನಲ್ಲಿ ಕ್ಷೇತ್ರ ಹೇಗೆ ನಿಂತಿದೆ ಎಂಬುದನ್ನು ಅದು ಹೇಳುತ್ತದೆ. ಆದರೆ ಆಳುಪ ಅರಸನೇ ಬರೆಸಿಟ್ಟ ‘ವಿಹಾರ’ ಎಂಬ ಮಾತನ್ನು ಅಳಿಸುವ ಅಧಿಕಾರ ಐತಿಹ್ಯಕ್ಕೆ ಇಲ್ಲ. ಅರಸನ ಶಿವಭಕ್ತಿಯನ್ನು ಒಪ್ಪಿ, ಅವನ ಕೊಡುಗೆಯನ್ನು ಮಾತ್ರ ಒಪ್ಪುವುದಿಲ್ಲ ಎಂದರೆ ಅದು ಆ ಅರಸನಿಗೆ ಮಾಡುವ ಅನ್ಯಾಯ.

ದೆಲ್ಲಾ ವಾಲೆಯ ಮಾತನ್ನು ನಂಬಬಹುದೇ ಎಂದೂ ಕೇಳಬಹುದು. ಅವನು ಕಟ್ಟಾ ಕ್ಯಾಥೊಲಿಕ್, ಇಲ್ಲಿನ ದೇವರುಗಳ ಬಗ್ಗೆ ಅವನ ಅಭಿಪ್ರಾಯಗಳು ಅವನ ಕಾಲದವು, ಅವನ ಮತದವು. ಜೋಗಿಗಳಾಡುವ ಮಾತು ಅವನಿಗೆ ತಿಳಿದದ್ದು ನಡುವಿನವರ ಮೂಲಕ. ಅವನ ತೀರ್ಪುಗಳನ್ನು ಪಕ್ಕಕ್ಕಿಡೋಣ. ಅವನ ಕಣ್ಣನ್ನು ಬಿಡುವುದು ಬೇಡ. ಕಿವಿಯಲ್ಲಿ ತೂಗುವ ಒಡವೆ ಜೋಗಿಗಳ ದೀಕ್ಷೆಯ ಗುರುತು. ಕಿವಿ ಸೀಳಿಸಿಕೊಂಡು ಕುಂಡಲ ತೊಡುವ ನಾಥರು ಇವತ್ತಿಗೂ ಹಾಗೆಯೇ ಇದ್ದಾರೆ. ಆ ಆಭರಣದ ಅರ್ಥವನ್ನು ಅವನು ಎಷ್ಟು ಬಲ್ಲನೋ, ಕಂಡದ್ದನ್ನು ಮಾತ್ರ ಸರಿಯಾಗಿ ಬರೆದಿದ್ದಾನೆ. ಆದಾಯ ಕುಗ್ಗಿದ ಸಂಗತಿಯನ್ನು ಸೃಷ್ಟಿಸಿ ಹೇಳಲು ಅವನಿಗೆ ಯಾವ ಲಾಭವೂ ಇರಲಿಲ್ಲ.

ಗುಡ್ಡೆಯ ಹೊಟ್ಟೆಯ ನೀರು

ಇಷ್ಟೆಲ್ಲ ಜನ ಇದೇ ಗುಡ್ಡೆಗೆ ಏಕೆ ಬಂದರು? ಉತ್ತರ ಗೋಮುಖದಲ್ಲಿದೆ. ಕಾಶಿಯ ಭಾಗೀರಥಿಯೇ ಇಲ್ಲಿ ಚಿಮ್ಮುತ್ತಾಳೆ ಎಂಬ ನಂಬಿಕೆಯಿಂದ ಇದಕ್ಕೆ ಕಾಶಿ ಭಾಗೀರಥಿ ತೀರ್ಥ ಎಂಬ ಹೆಸರು. ನೀರು ಬರುವ ಬಗೆ ಗುಡ್ಡೆಯ ರಚನೆಯಲ್ಲಿದೆ. ಕರಾವಳಿಯ ನಮ್ಮ ಗುಡ್ಡೆಗಳ ನೆತ್ತಿಯಲ್ಲಿ ಮುರಕಲ್ಲು. ಗುಳಿಗುಳಿಯಾದ ಈ ಕೆಂಪು ಕಲ್ಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಹೀರಿಕೊಳ್ಳುತ್ತದೆ. ಕೆಳಗೆ ಜೇಡಿಮಣ್ಣಿನ ಪದರ ಸಿಕ್ಕಾಗ ಇಳಿಯುವ ನೀರು ಅಲ್ಲಿ ತಡೆದು, ಬದಿಗೆ ಸರಿದು, ಇಳಿಜಾರಿನಲ್ಲಿ ದಾರಿ ಸಿಕ್ಕ ಕಡೆ ಹೊರಬರುತ್ತದೆ. ಮಳೆ ನಿಂತ ಎಷ್ಟೋ ತಿಂಗಳ ಮೇಲೂ ಒರತೆ ಹರಿಯುವುದು ಇದರಿಂದ. ನಡೆದು ಸುತ್ತುವ ಸನ್ಯಾಸಿಗಳಿಗೆ, ಭಿಕ್ಷುಗಳಾಗಲಿ ಜೋಗಿಗಳಾಗಲಿ, ಬೇಕಾದದ್ದು ಬೇಸಗೆಯಲ್ಲೂ ಬತ್ತದ ನೀರು, ಆಸರೆಗಾಗಿ ಕೊರೆಯಬಹುದಾದ ಕಲ್ಲು, ಬಂದರಿಗೆ ಹತ್ತಿರವಾದರೂ ಪೇಟೆಯ ಗದ್ದಲದಿಂದ ದೂರವಾದ ಜಾಗ. ಮೂರೂ ಕದ್ರಿಯಲ್ಲಿ ಸಿಕ್ಕಿದವು. ಪಾಲುದಾರರು ಬದಲಾದರೂ ಪಾಲು ಮಾಡಿಕೊಂಡದ್ದು ಮೊದಲಿಗೆ ಈ ನೀರನ್ನು.

ದೆಲ್ಲಾ ವಾಲೆಯ ನಾಡಿನಲ್ಲೇ, ರೋಮಿನ ಉತ್ತರಕ್ಕೆ, ಇಂಥದೇ ಪದರಗಳ ಮೇಲೆ ನಿಂತ ಚಿವಿತಾ ದಿ ಬಾನ್ಯೊರೆಜಿಯೊ ಎಂಬ ಗುಡ್ಡದ ಹಳ್ಳಿ ಇದೆ. ಎತ್ರುಸ್ಕನ್ನರು ನೆಲೆಸಿದ್ದ, ಎರಡೂವರೆ ಸಾವಿರ ವರ್ಷದ ಹಳ್ಳಿ. ಕ್ರೈಸ್ತ ಸಂತ ಬೊನವೆಂತುರಾ ಹುಟ್ಟಿದ ಊರು. ಅಲ್ಲೂ ಮೇಲೆ ಗುಳಿಗಲ್ಲು, ಕೆಳಗೆ ಜೇಡಿ. ಅಲ್ಲಿ ಜೇಡಿ ಕೊಚ್ಚಿಹೋಗುತ್ತ ಮೇಲಿನ ಬಂಡೆ ಕುಸಿಯುತ್ತಿದೆ. 1695ರ ಭೂಕಂಪದ ನಂತರ ಜನ ಊರು ಬಿಡತೊಡಗಿದರು. ಈಗ ಅಲ್ಲಿ ವಾಸವಾಗಿರುವವರು ಬೆರಳೆಣಿಕೆಯಷ್ಟು. 2013ರಿಂದ ಕಾಲುಸೇತುವೆ ದಾಟಿ ಒಳಗೆ ಹೋಗಲು ಪ್ರವಾಸಿಗರು ಟಿಕೆಟ್ ಪಡೆಯಬೇಕು. ಉಳಿದ ಮನೆಗಳು ಅಚ್ಚುಕಟ್ಟಾಗಿವೆ, ಬದುಕು ಖಾಲಿಯಾಗಿದೆ. ಕದ್ರಿಯದು ಇದರ ಎದುರು ಸ್ಥಿತಿ. ಬದುಕು ತುಂಬಿ ತುಳುಕುತ್ತಿದೆ, ಗುಡ್ಡೆ ಮಾತ್ರ ಸವೆಯುತ್ತಿದೆ. ನೆತ್ತಿಯ ಮೇಲೆ ಕಟ್ಟಡ, ಡಾಂಬರು, ಇಂಟರ್‌ಲಾಕ್ ಹರಡಿದಷ್ಟೂ ಮಳೆನೀರು ಒಳಗಿಳಿಯುವ ಬದಲು ಚರಂಡಿ ಸೇರುತ್ತದೆ. ಒರತೆ ಕ್ಷೀಣಿಸಿದರೆ ಯಾವ ಪಂಗಡದ ಹಕ್ಕುವಾದಕ್ಕೂ ಅರ್ಥ ಉಳಿಯುವುದಿಲ್ಲ.

ನಾಸಿಕದಲ್ಲಿ ಮತ್ತೆ ಕುಂಭಮೇಳ 2027ರಲ್ಲಿ. ಅದರ ಬೆನ್ನಿಗೇ ಜೋಗಿಗಳ ಮೆರವಣಿಗೆ ಕದ್ರಿಯ ದಾರಿ ಹಿಡಿಯುತ್ತದೆ. ಅಷ್ಟರೊಳಗೆ ಮಂಗಳೂರು ಮಾಡಬಹುದಾದ ಕೆಲಸಗಳಿವೆ. ಲೋಕೇಶ್ವರನ ಶಾಸನದ ಪೂರ್ಣ ಪಾಠವನ್ನು ಕನ್ನಡ ಮತ್ತು ತುಳುವಿನಲ್ಲಿ, ವಿಹಾರ ಎಂಬ ಮಾತನ್ನೂ ಶಿವಭಕ್ತಿಯ ಮಾತನ್ನೂ ಬಿಡದೆ, ಭಕ್ತರು ಓದುವಂತೆ ಹಾಕಬೇಕು. ದೇವಸ್ಥಾನ, ಕೆರೆಗಳು, ಮಠ, ಗುಹೆಗಳು ಒಂದೇ ಕಾಲುದಾರಿಯಲ್ಲಿ ಕೂಡಿಬರುವಂತೆ ಫಲಕಗಳು ಬೇಕು. ಈಗ ದೇವರಿಗೆ ಕೈಮುಗಿದು ಹೊರಟವರಿಗೆ ಮೇಲೆ ಮಠವಿದೆ ಎಂಬುದೇ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮೊದಲು, ಗುಡ್ಡೆಯ ನೆತ್ತಿಯಲ್ಲಿ ಉಳಿದಿರುವ ತೆರೆದ ಮುರಕಲ್ಲಿನ ನೆಲವನ್ನು ಕಾಂಕ್ರೀಟು ಮುಚ್ಚದಂತೆ ಗುರುತಿಸಿ ಕಾಯಬೇಕು. ಅದು ಪಾಲಿಕೆಯ ಕೆಲಸ, ದೇವಸ್ಥಾನದ ಕೆಲಸ, ಮಠದ ಕೆಲಸ, ಗುಡ್ಡೆಯ ಮೇಲೆ ಮನೆ ಕಟ್ಟಿಕೊಂಡವರ ಕೆಲಸವೂ ಹೌದು.